ಎದ್ದು ಹೋಗುವ ಗಿರಾಕಿ

ಆ ಬೀದಿಯಲ್ಲಿ ಯಾರಿಗೆ ಏನು ಕೊಳ್ಳುವುದಿದ್ದರೂ ಮೊದಲು ಸಲೂನಿಗೆ ಬರುತ್ತಿದ್ದರು. ಮಂಚ ಕೊಳ್ಳುವವರು, ಮಿಕ್ಸಿ ಕೊಳ್ಳುವವರು, ಮಗಳಿಗೆ ಸೈಕಲ್ ಕೊಳ್ಳುವವರು. "ಅಣ್ಣಾ, ಸ್ವಲ್ಪ ಜೊತೆಗೆ ಬಾ. ನಾವು ಕೇಳಿದ್ರೆ ಅವನು ಬಿಡಲ್ಲ," ಅನ್ನುತ್ತಿದ್ದರು. ಎರಡು ಕುರ್ಚಿಯ ಆ ಸಲೂನಿನ ಮಾಲೀಕ ಅರ್ಧ ಗಡ್ಡ ತೆಗೆದ ಗಿರಾಕಿಯನ್ನು ನೊರೆ ಸಮೇತ ಕೂರಿಸಿ, ಟವೆಲ್ಲಿಗೆ ಕೈ ಒರೆಸಿಕೊಂಡು ಹೊರಟುಬಿಡುತ್ತಿದ್ದ. ಅವನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಅದು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಬೀದಿಗೆಲ್ಲ ಅವನು ಅರ್ಧರೇಟಣ್ಣ. ಅಂಗಡಿಯವನು ಏನು ಬೆಲೆ ಹೇಳಿದರೂ ಮೊದಲು ಅದರ ಅರ್ಧ ಕೇಳುವುದು ಅವನ ಪದ್ಧತಿ. ಇಂಥವನ ಸಲೂನಿನ ಕನ್ನಡಿಯ ಮೇಲೆ ಮಾತ್ರ ದಪ್ಪಕ್ಷರದಲ್ಲಿ ಬರೆದಿತ್ತು: ಒಂದೇ ದರ, ಚೌಕಾಸಿ ಇಲ್ಲ.

ಕಾರು ಕೊಂಡ ಈ ಕತೆಯನ್ನು ಈಗ ಅವನೇ ಹೇಳುತ್ತಾನೆ. ಗಿರಾಕಿಯ ಕುತ್ತಿಗೆಯ ಮೇಲೆ ರೇಜರ್ ಇಟ್ಟುಕೊಂಡು ಹೇಳುವುದರಿಂದ ಕೇಳುವವರು ಅಲ್ಲಾಡುವ ಹಾಗಿಲ್ಲ. ಹೇಳಿದಷ್ಟು ಸಲವೂ ತನ್ನನ್ನು ಇನ್ನೊಂದಿಷ್ಟು ಪೆದ್ದನನ್ನಾಗಿ ಮಾಡಿಕೊಳ್ಳುತ್ತಾನೆ. ಉಪ್ಪುಖಾರ ಎಷ್ಟು ಹಚ್ಚಿದನೋ ಬಿಟ್ಟನೋ, ಆ ಶೋರೂಮಿನ ಬಾಗಿಲಾಚೆ ಇಂಗು ತಿಂದ ಮಂಗನ ಹಾಗೆ ನಿಂತದ್ದಂತೂ ನಿಜ.

ಅವನ ವಿದ್ಯೆಯಲ್ಲಿ ಇದ್ದದ್ದು ಒಂದೇ ಗುಟ್ಟು, ಎದ್ದು ಹೋಗುವುದು. ಮೊದಲು ಅರ್ಧ ಕೇಳಬೇಕು. ಅಂಗಡಿಯವನು ನಗುತ್ತಾನೆ, ನಗಲಿ. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ ಬೆಲೆ ಏರಿಸಬೇಕು. ಅವನು ಹಟಕ್ಕೆ ಬಿದ್ದಾಗ "ಆಯ್ತು ಬಿಡಿ, ನಮ್ಮ ನಿಮ್ಮ ಋಣ ಇಷ್ಟೇ," ಅಂದು ಎದ್ದುಬಿಡಬೇಕು. ಹೊರಗೆ ಬಂದು ಸ್ಕೂಟರಿಗೆ ಒಂದು ಕಿಕ್ ಹೊಡೆಯಬೇಕು. ಎರಡನೇ ಕಿಕ್ಕಿಗೆ ಮೊದಲೇ ಒಳಗಿಂದ ಕೂಗು ಬರುತ್ತದೆ: "ಬನ್ನಿ ಸ್ವಾಮಿ, ಏನೋ ಒಂದು ಕೊಟ್ಟು ತಗೊಂಡು ಹೋಗಿ." ಆ ಕೂಗಿನ ಸುಖದ ಮುಂದೆ ಉಳಿದ ದುಡ್ಡು ಏನೂ ಅಲ್ಲ ಅಂತ ಅವನೇ ಒಪ್ಪಿಕೊಳ್ಳುತ್ತಾನೆ.

ಈ ನಾಟಕದಲ್ಲಿ ಅವನ ಹೆಂಡತಿಗೂ ಮಾತಿಲ್ಲದ ಒಂದು ಪಾತ್ರವಿತ್ತು. ಅವನು ಕೈಗಡಿಯಾರವನ್ನು ಮಣಿಕಟ್ಟಿನ ಮೇಲೆ ಒಮ್ಮೆ ತಿರುಗಿಸಿದರೆ ಅವಳು ಪರ್ಸು ಹೆಗಲಿಗೇರಿಸಿ ಎದ್ದು ನಿಲ್ಲಬೇಕು, ಅಷ್ಟೇ. ಅವಳು ಪುಟ್ಟ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ಬೀದಿಯವರ ಬಾಯಲ್ಲಿ ಟೀಚರ್. ಮದುವೆಯಾದಾಗಿನಿಂದ ಆ ಗಡಿಯಾರ ತಿರುಗಿದಾಗೆಲ್ಲ ಟೀಚರ್ ಎದ್ದಿದ್ದಳು. ಅಂಗಡಿಯವರು ಕರೆದಾಗೆಲ್ಲ ಅವನ ಹಿಂದೆ ಒಳಗೆ ಹೋಗಿದ್ದಳು.

ಒಂದು ಸಲ ಮಾತ್ರ ಯಾರೂ ಕರೆಯಲಿಲ್ಲ. ಅದು ಮಂಚವೂ ಅಲ್ಲ, ಮಿಕ್ಸಿಯೂ ಅಲ್ಲ, ಮನೆ. ಶಾಲೆಯ ದಾರಿಯ ಮೂಲೆ ಮನೆ. ಅಂಗಳದಲ್ಲಿ ಒಂದು ಸೀಬೆ ಮರ, ಬೀದಿಗೆ ತೆರೆದ ದೊಡ್ಡ ಕಿಟಕಿ. ಟೀಚರ್ ಆ ಕಿಟಕಿಯ ಕೆಳಗೆ ತನ್ನ ಮೇಜು ಹಿಡಿಸುತ್ತದೋ ಇಲ್ಲವೋ ಅಂತ ಗೇಣು ಹಾಕಿ ಅಳೆದಿದ್ದಳು. ಮನೆ ಮಾಲೀಕ ಕೇಳಿದ ಬೆಲೆ ಹೆಚ್ಚೇನೂ ಇರಲಿಲ್ಲ. ಆದರೂ ಗಡಿಯಾರ ತಿರುಗಿತು, ಇಬ್ಬರೂ ಎದ್ದು ಬಂದರು. ಅರ್ಧರೇಟಣ್ಣ ಎದುರಿನ ಚಹಾ ಅಂಗಡಿಯಲ್ಲಿ ಕೂತು ಕೂಗಿಗಾಗಿ ಕಾದ. ಮೂರು ದಿನ ಕಳೆದು ಹೋಗಿ ನೋಡಿದರೆ ಬೇರೆ ಯಾರೋ ಕೊಂಡು, ಬಾಗಿಲಿಗೆ ಬಣ್ಣ ಬಳಿಸುತ್ತಿದ್ದರು. "ಇದರಪ್ಪನಂಥದ್ದು ಸಿಗುತ್ತೆ ಬಿಡು," ಅಂದ. "ಹೂಂ," ಅಂದಳು. ಇದರಪ್ಪನಂಥದ್ದು ಸಿಗಲಿಲ್ಲ, ಇದರ ಮಗನಂಥದ್ದೂ ಸಿಗಲಿಲ್ಲ. ಬಾಡಿಗೆ ಮನೆಯಲ್ಲೇ ಉಳಿದರು. ಅವಳು ದಿನಾ ಎರಡು ಹೊತ್ತು ಆ ಕಿಟಕಿಯ ಮುಂದೆ ನಡೆದು ಹೋಗುತ್ತಿದ್ದಳು. ಆ ಬಗ್ಗೆ ಒಂದು ದಿನವೂ ಒಂದು ಮಾತೂ ಎತ್ತಿದವಳಲ್ಲ.

ಹೀಗಿರುವಾಗ, ಐವತ್ತು ದಾಟಿದ ಮೇಲೆ, ಟೀಚರ್ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಅರ್ಧರೇಟಣ್ಣ ಸಲೂನಿನಲ್ಲಿ ಅದನ್ನೂ ತಮಾಷೆ ಮಾಡಿದ. ಅವಳು ಮಾತ್ರ ಒಂದೇ ಏಟಿಗೆ ಪಾಸಾಗಿ ಲೈಸೆನ್ಸ್ ತಂದಿಟ್ಟಳು. ಒಂದು ಸಂಜೆ ಊಟದ ತಟ್ಟೆ ಮುಂದಿಟ್ಟುಕೊಂಡು ಹೇಳಿದಳು:

"ರೀ, ನನ್ನ ಸಂಬಳದಲ್ಲಿ ಕೂಡಿಟ್ಟಿದ್ದೀನಿ. ನನಗೊಂದು ಕಾರು ಬೇಕು."

ಇಷ್ಟು ವರ್ಷದಲ್ಲಿ ಅವಳು ಬಾಯಿಬಿಟ್ಟು 'ಬೇಕು' ಅಂದದ್ದು ಆ ಮನೆ ಬಿಟ್ಟರೆ ಇದೊಂದೇ. ಅವನಿಗೆ ಅದು ಹೊಳೆಯಲೂ ಇಲ್ಲ. "ಅದಕ್ಕೇನಂತೆ, ತಗೊಳ್ಳೋಣ. ಬೆಲೆ ಮಾತಾಡೋದು ನನಗೆ ಬಿಡು," ಅಂದ.

ಟೀಚರ್ ಅನ್ನ ಕಲಸುವುದು ನಿಲ್ಲಿಸಿದಳು. "ಬೆಲೆ ನ್ಯಾಯವಾಗಿದ್ರೆ ಸಾಕು, ಅರ್ಧ ಬೇಡ. ಕಾರು ಬಿಟ್ಟು ಮಾತ್ರ ಬರಬಾರದು."

"ನಾನಿದ್ದೀನಲ್ಲ," ಅಂದ ಅರ್ಧರೇಟಣ್ಣ. ತಾನಿರುವುದೇ ಅವಳ ಭಯ ಅಂತ ಆ ಪುಣ್ಯಾತ್ಮನಿಗೆ ಹೇಗೆ ಗೊತ್ತಾಗಬೇಕು.

ಶೋರೂಮಿಗೆ ಸ್ಕೂಟರಿನಲ್ಲೇ ಹೋದರು. ನಿಲ್ಲಿಸಿದ ಕೂಡಲೇ ಅವಳು ಕೈ ಚಾಚಿ, "ಕೀ ಕೊಡಿ, ನಿಮ್ಮ ಜೇಬು ತೂತು," ಅಂದು ಕೀಯನ್ನು ಪರ್ಸಿಗೆ ಹಾಕಿಕೊಂಡಳು. ಗಾಜಿನ ಬಾಗಿಲು ತಾನಾಗಿಯೇ ಸರಿಯಿತು. ಒಳಗೆ ತಣ್ಣನೆಯ ಗಾಳಿ, ಹೊಸ ರಬ್ಬರಿನ ವಾಸನೆ. ನೆಲ ಎಷ್ಟು ನುಣುಪಾಗಿತ್ತೆಂದರೆ ಅವನ ಚಪ್ಪಲಿ ಹೆಜ್ಜೆಹೆಜ್ಜೆಗೂ ಕಿರುಗುಟ್ಟಿ ಮಾನ ಕಳೆಯುತ್ತಿತ್ತು. ಟೈ ಕಟ್ಟಿದ ಸೇಲ್ಸ್‌ಮನ್ ನಗುತ್ತ ಎದುರಿಗೆ ಬಂದ.

ಟೀಚರ್ ಸೀದಾ ಹೋಗಿ ತಿಳಿನೀಲಿ ಬಣ್ಣದ ಸಣ್ಣ ಕಾರಿನಲ್ಲಿ ಕೂತಳು. ಕನ್ನಡಿ ಸರಿಮಾಡಿಕೊಂಡಳು, ಸೀಟು ಮುಂದಕ್ಕೆ ಎಳೆದುಕೊಂಡಳು, ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟಳು. ಅವಳ ಮುಖ ಅರಳಿದ್ದು ನೋಡಿ ಅರ್ಧರೇಟಣ್ಣನ ಎದೆ ಧಸಕ್ಕೆಂದಿತು. ಕಿಟಕಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ:

"ಮುಖ ಸ್ವಲ್ಪ ಗಂಟು ಹಾಕ್ಕೊಳ್ಳೇ. ಇಷ್ಟ ಆಗಿದೆ ಅಂತ ಗೊತ್ತಾದ್ರೆ ನಮ್ಮ ಕತೆ ಮುಗೀತು."

"ಇಷ್ಟ ಆಗಿದೆಯಲ್ಲ," ಅಂದಳು ಅವಳು, ಎಲ್ಲರಿಗೂ ಕೇಳುವ ಹಾಗೆ. "ಬಣ್ಣಾನೂ ಚೆನ್ನಾಗಿದೆ."

ಇಂಥ ಹೆಂಡತಿಯನ್ನು ಕಟ್ಟಿಕೊಂಡು ಚೌಕಾಸಿ ಮಾಡುವುದು ಅಂದರೆ ತೂತು ಬಿಂದಿಗೆಯಲ್ಲಿ ನೀರು ಹೊತ್ತ ಹಾಗೆ ಅಂದುಕೊಂಡು ಅವನು ಮೇಜಿನ ಮುಂದೆ ಕೂತ. ಸೇಲ್ಸ್‌ಮನ್ ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿ ಬೆಲೆಯ ಹಾಳೆ ಇಟ್ಟ. ಕಾರಿನ ಬೆಲೆ, ಇನ್ಶೂರೆನ್ಸ್, ನೋಂದಣಿ. ಅದರ ಕೆಳಗೆ ಹ್ಯಾಂಡ್ಲಿಂಗ್ ಚಾರ್ಜ್, ಪೇಂಟ್ ಪ್ರೊಟೆಕ್ಷನ್ ಅಂತ ಬಾಲ ಬೆಳೆದಿತ್ತು. ಮೂಗಿಗಿಂತ ಮೂಗುತಿ ಭಾರ.

ಅರ್ಧರೇಟಣ್ಣ ಹಾಳೆಯನ್ನು ಓದಲೇ ಇಲ್ಲ. ಕೆಳಗಿನ ಮೊತ್ತ ಮಾತ್ರ ನೋಡಿ, "ಎಲ್ಲಾ ಸೇರಿ ಅರ್ಧಕ್ಕೆ ಹಾಕಿ," ಅಂದ.

ಸೇಲ್ಸ್‌ಮನ್ ನಗಲೂ ಇಲ್ಲ, ಮುನಿಯಲೂ ಇಲ್ಲ. "ಅರ್ಧಕ್ಕೆ ಅಂದ್ರೆ ಎರಡೇ ಚಕ್ರ ಬರುತ್ತೆ ಸರ್. ಅದು ಪಕ್ಕದ ಶೋರೂಮಲ್ಲಿ ಸಿಗುತ್ತೆ."

ಆ ಮಾತಿಗೆ ನಕ್ಕವಳು ಕಾರಿನಿಂದಿಳಿದು ಪಕ್ಕಕ್ಕೆ ಬಂದು ಕೂತಿದ್ದ ಟೀಚರ್. ಅವನು ಕೇಳದವನ ಹಾಗೆ ಮೆಟ್ಟಿಲು ಹತ್ತತೊಡಗಿದ. ಸೇಲ್ಸ್‌ಮನ್ ಎರಡು ಸಲ "ಮ್ಯಾನೇಜರನ್ನ ಕೇಳ್ಕೊಂಡು ಬರ್ತೀನಿ" ಅಂತ ಗಾಜಿನ ಕೋಣೆಗೆ ಹೋಗಿ ಬಂದ. ಅಲ್ಲಿ ಮ್ಯಾನೇಜರ್ ಫೋನಿನಿಂದ ತಲೆ ಎತ್ತದೆ ಕೂತಿದ್ದು ಇಲ್ಲಿಗೇ ಕಾಣುತ್ತಿತ್ತು. ಇಷ್ಟು ಅಲೆದು ಅವನು ತಂದ ವರ, ಕಾಲ ಕೆಳಗೆ ಹಾಸುವ ಮ್ಯಾಟ್ ಪುಕ್ಕಟೆ. ಅರ್ಧರೇಟಣ್ಣನಿಗೆ ಇದೇ ಸಮಯ ಅನಿಸಿತು. ಗಡಿಯಾರ ತಿರುಗಿಸಿದ, "ಆಯ್ತು ಬಿಡಿ, ನಮ್ಮ ನಿಮ್ಮ ಋಣ ಇಷ್ಟೇ," ಅಂದು ಎದ್ದ. ತಿರುಗಿ ನೋಡದೆ ಬಾಗಿಲ ಕಡೆಗೆ ನಡೆದ. ಹಿಂದೆ ನೋಡಿದರೆ ವಿದ್ಯೆ ಕೆಟ್ಟಿತು ಅಂತ ಲೆಕ್ಕ. ಬಾಗಿಲು ತಾನಾಗಿಯೇ ಸರಿದು ದಾರಿ ಕೊಟ್ಟಿತು, ಹಿಂದೆಯೇ ಮುಚ್ಚಿಕೊಂಡಿತು. ಇಷ್ಟು ಮರ್ಯಾದೆಯಿಂದ ಅವನನ್ನು ಹೊರಗೆ ಹಾಕಿದ ಬಾಗಿಲು ಬೇರೆ ಇರಲಿಲ್ಲ.

ಹೊರಗೆ ಉರಿಬಿಸಿಲು. ಕಿಕ್ ಹೊಡೆಯೋಣ ಅಂತ ಜೇಬಿಗೆ ಕೈ ಹಾಕಿದರೆ ಕೀ ಇಲ್ಲ. ಹೆಂಡತಿಯ ಹತ್ತಿರ ಕೇಳೋಣ ಅಂತ ತಿರುಗಿದರೆ ಹೆಂಡತಿಯೂ ಇಲ್ಲ. ಒಳಗಿಂದ ಕೂಗಿದರೂ ಆ ಗಾಜನ್ನು ದಾಟಿ ಕೇಳುವುದಿಲ್ಲ ಅಂತ ಆಗ ಅವನ ತಲೆಗೆ ಹೊಳೆಯಿತು. ಕರಿಗಾಜಿನಲ್ಲಿ ಕಂಡದ್ದು ಅವನ ಮುಖವೇ. ಬೆಳಗಿನಿಂದ ಸಂಜೆಯವರೆಗೆ ಕನ್ನಡಿಯ ಮುಂದೆ ದುಡಿಯುವವನು, ಆದರೆ ಅಲ್ಲಿ ಯಾವಾಗಲೂ ಬೇರೆಯವರ ಮುಖ ನೋಡಿದ್ದೇ ಹೆಚ್ಚು. ಈ ಮುಖ ಅವನಿಗೆ ಹಿಡಿಸಲಿಲ್ಲ. ಹಣೆ ಒತ್ತಿ ಒಳಗೆ ಇಣುಕಿದ.

"ಸರ್, ಗ್ಲಾಸ್ ಈಗಷ್ಟೇ ಒರೆಸಿದ್ದು," ಅಂದ ಬಾಗಿಲ ಕಾವಲಿನವನು.

ಒಳಗೆ ಟೀಚರ್ ಕೂತಿದ್ದಳು. ಪರ್ಸು ಹೆಗಲಿಗೆ ಏರಿರಲಿಲ್ಲ, ತೊಡೆಯ ಮೇಲಿತ್ತು. ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟು ಏನೋ ಕೇಳುತ್ತಿದ್ದಳು. ಗಡಿಯಾರ ತಿರುಗಿದ್ದನ್ನು ಅವಳು ನೋಡಿರಲಿಲ್ಲವೇ? ನೋಡಿದ್ದಳು, ಅವಳ ಕಣ್ಣ ಮುಂದೆಯೇ ತಿರುಗಿಸಿದ್ದ. ನೋಡಿಯೂ ಎದ್ದಿರಲಿಲ್ಲ. ಆಗ ಅವನಿಗೆ ಆ ಮೂಲೆ ಮನೆ ನೆನಪಾಯಿತು. ಅವತ್ತು ಗೇಟಿನ ಹತ್ತಿರ ಅವಳು ಒಂದು ಕ್ಷಣ ನಿಂತಿದ್ದಳು. ಅವನು ಮನೆ ಮಾಲೀಕನ ಕೂಗಿಗೆ ಕಿವಿ ಕೊಟ್ಟಿದ್ದ, ಅವಳ ಮುಖ ನೋಡಿರಲಿಲ್ಲ. ಸೇಲ್ಸ್‌ಮನ್ ಕರೆಯದಿದ್ದರೆ ಹಾಳಾಗಿ ಹೋಗಲಿ, ಅವಳೊಮ್ಮೆ ಈ ಕಡೆ ತಿರುಗಿದರೆ ಸಾಕಿತ್ತು. ಅವಳು ತಿರುಗಲಿಲ್ಲ.

"ಏನಾದ್ರೂ ಮರೆತ್ರಾ ಸರ್?" ಕಾವಲಿನವನು ಕೇಳಿದ.

"ಹೂಂ. ಹೆಂಡ್ತೀನ."

"ಒಳಗಿದ್ದಾರೆ. ಹೋಗಿ, ಬಾಗಿಲು ತಾನೇ ತೆಗೆಯುತ್ತೆ," ಅಂದ ಆತ, ದಿನಕ್ಕೆ ಹತ್ತು ಜನ ಹೀಗೆ ಹೆಂಡತಿಯನ್ನು ಮರೆತು ಬರುತ್ತಾರೇನೋ ಅನ್ನುವಷ್ಟು ಸಹಜವಾಗಿ.

ಚಪ್ಪಲಿ ಮತ್ತೆ ಕಿರುಗುಟ್ಟುತ್ತ ಅವನನ್ನು ಮೇಜಿನವರೆಗೆ ಕರೆದೊಯ್ದಿತು. ಯಾರೂ ತಲೆ ಎತ್ತಲಿಲ್ಲ. ಟೀಚರ್ ಹಾಳೆಯಿಂದ ಕಣ್ಣು ತೆಗೆಯದೆ ಬಿಸ್ಕತ್ತಿನ ತಟ್ಟೆಯನ್ನು ಅವನ ಕಡೆ ಸರಿಸಿದಳು. ಅವನು ಕೂತು ಒಂದು ಬಿಸ್ಕತ್ತು ತೆಗೆದುಕೊಂಡ.

"ಹ್ಯಾಂಡ್ಲಿಂಗ್ ಅಂದ್ರೆ ಏನು ಅಂದ್ರಿ?"

"ಗೋಡೌನಿಂದ ಗಾಡಿ ಇಲ್ಲಿಗೆ ತರೋ ಖರ್ಚು ಮೇಡಂ."

"ಇಲ್ಲಿಗೆ ತರದೆ ಮಾರೋಕಾಗುತ್ತಾ?"

"ಇಲ್ಲ ಮೇಡಂ."

"ಹಾಗಾದ್ರೆ ಅದನ್ನ ನಾನ್ಯಾಕೆ ಕೊಡಬೇಕು? ನನಗೆ ಅರ್ಥ ಆಗ್ಲಿಲ್ಲ. ಇನ್ನೊಂದ್ ಸಲ ಹೇಳಿ."

ಸೇಲ್ಸ್‌ಮನ್ ಇನ್ನೊಂದು ಸಲ ಹೇಳಿದ. ಅವಳು ತಲೆಯಾಡಿಸಿ ಕೇಳಿ, "ಇಲ್ಲ, ಅರ್ಥ ಆಗ್ಲಿಲ್ಲ," ಅಂದಳು. ದನಿಯಲ್ಲಿ ಕೊಂಕಿಲ್ಲ, ಕೋಪವಿಲ್ಲ. ಅವಳ ತರಗತಿಯ ಮಕ್ಕಳು ಮುಷ್ಟಿಯಲ್ಲಿ ಏನಾದರೂ ಬಚ್ಚಿಟ್ಟುಕೊಂಡರೆ ಅವಳು ಕಿತ್ತುಕೊಳ್ಳುವವಳಲ್ಲ. ಎದುರಿಗೆ ಕೂತು, ಕೈ ಬಿಚ್ಚುವವರೆಗೆ ಕಾಯುತ್ತಾಳೆ. ಸೇಲ್ಸ್‌ಮನ್ ಟೈ ಸಡಿಲ ಮಾಡಿಕೊಂಡ, ಪೆನ್ನು ತೆಗೆದು ಆ ಸಾಲನ್ನು ತಾನೇ ಹೊಡೆದುಹಾಕಿದ.

"ಈ ಪೇಂಟ್ ಪ್ರೊಟೆಕ್ಷನ್ ಇಲ್ಲದಿದ್ರೆ ಬಣ್ಣ ಹೋಗುತ್ತಾ?"

"ಛೆ, ಇಲ್ಲ ಮೇಡಂ, ಕಂಪನಿ ಬಣ್ಣ ಗಟ್ಟಿ," ಅಂದವನು ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದು, ಆ ಸಾಲನ್ನೂ ಹೊಡೆದ.

ಇನ್ಶೂರೆನ್ಸ್ ಹೊರಗೆ ಎಷ್ಟಾಗುತ್ತದೆ ಅಂತ ಅವಳು ಮೊದಲೇ ವಿಚಾರಿಸಿಕೊಂಡು ಬಂದಿದ್ದಳು. ಅದೂ ಇಳಿಯಿತು. ಕಾರಿನ ಬೆಲೆಯ ಬಗ್ಗೆ ಅವಳು ಏನೂ ಕೇಳಲಿಲ್ಲ. ಕೇಳದೆ ಸುಮ್ಮನೆ ಕೂತಿದ್ದಕ್ಕೋ ಏನೋ, ಸೇಲ್ಸ್‌ಮನ್ನೇ ದನಿ ತಗ್ಗಿಸಿ, "ಮೇಡಂ, ಇದು ಹೋದ ತಿಂಗಳ ಗಾಡಿ. ಇದರಲ್ಲೂ ಸ್ವಲ್ಪ ಬಿಡಬಹುದು," ಅಂದು ಮ್ಯಾನೇಜರ್ ಕೋಣೆಗೆ ಹೋಗದೆಯೇ ಬರೆದುಕೊಟ್ಟ. ಅರ್ಧವಲ್ಲ, ಅರ್ಧದ ಹತ್ತಿರಕ್ಕೂ ಅಲ್ಲ. ಆದರೆ ನ್ಯಾಯವಾದ ಬೆಲೆ. ಟೀಚರ್ ಓದಿ, ಇನ್ನೊಮ್ಮೆ ಓದಿ, "ಈಗ ಅರ್ಥ ಆಯ್ತು," ಅಂದು ಸಹಿ ಹಾಕಿದಳು.

"ಮ್ಯಾಟ್ ಪುಕ್ಕಟೆ ಅಂದಿದ್ರಿ," ಅಂದ ಅರ್ಧರೇಟಣ್ಣ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಹೊರಗೆ ಸ್ಕೂಟರಿನ ಹತ್ತಿರ ಅವಳು ಕೀ ತೆಗೆದುಕೊಟ್ಟಳು. "ನನ್ನ ಜೇಬಲ್ಲಿ ತೂತೇ ಇಲ್ಲ," ಅಂದ ಅವನು.

"ಗೊತ್ತು. ನೀವು ಕಿಕ್ ಹೊಡೀಬಾರ್ದು ಅಂತ ಇಸ್ಕೊಂಡೆ."

"ಗಡಿಯಾರ ತಿರುಗಿಸಿದ್ದು ನೋಡಿದೆ ತಾನೇ?"

"ನೋಡಿದೆ." ಅವಳು ಹಿಂದಿನ ಸೀಟಿನ ಧೂಳು ಒರೆಸಿದಳು. "ಆ ಮನೆ ನೋಡೋಕೆ ಹೋದಾಗಲೂ ನೋಡಿದ್ದೆ. ಅವತ್ತು ಎದ್ದು ಬಂದೆ ನೋಡಿ, ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು. ನಿಮ್ಮ ಮೇಲಲ್ಲ."

ಅವನ ಮೇಲೆ ಸಿಟ್ಟು ಅಂದಿದ್ದರೆ ಏನಾದರೂ ಹೇಳಿ ಸಮಾಧಾನ ಮಾಡಬಹುದಿತ್ತು. ಅವನು ಕೀ ತಿರುಗಿಸಿ ಕಿಕ್ ಹೊಡೆದ, ಅವಳು ಹಿಂದೆ ಕೂತಳು.

ಕಾರು ಕೈಗೆ ಬಂದ ದಿನ ಟೀಚರೇ ಓಡಿಸಿದಳು. ಅವನು ಪಕ್ಕದಲ್ಲಿ ಬೆಲ್ಟ್ ಬಿಗಿದುಕೊಂಡು, ಪುಕ್ಕಟೆ ಮ್ಯಾಟಿನ ಮೇಲೆ ಕಾಲಿಟ್ಟು ಕೂತಿದ್ದ. ಅವಳು ಮನೆಯ ದಾರಿ ಬಿಟ್ಟು ಶಾಲೆಯ ದಾರಿ ಹಿಡಿದಳು. ಮೂಲೆ ಮನೆಯ ಮುಂದೆ ಕಾರು ನಿಲ್ಲಿಸಿ ಎಂಜಿನ್ ಆರಿಸಿದಳು. ಸೀಬೆ ಮರ ಕಾಂಪೌಂಡಿನಿಂದ ಆಚೆಗೂ ಚಾಚಿತ್ತು. ಆ ದೊಡ್ಡ ಕಿಟಕಿಯ ಕೆಳಗೆ ಯಾರದೋ ಮೇಜಿತ್ತು. ಅರ್ಧರೇಟಣ್ಣನಿಗೆ ಅಲ್ಲಿ ಕೂರಲು ಆಗಲಿಲ್ಲ. ಅವನಿಗೇ ಗೊತ್ತಿಲ್ಲದೆ ಒಂದು ಕೈ ಇನ್ನೊಂದು ಕೈಯ ಗಡಿಯಾರವನ್ನು ಮುಟ್ಟಿತು.

"ಕೂತ್ಕೊಳ್ಳಿ," ಅಂದಳು ಅವಳು, ಕಿಟಕಿಯಿಂದ ಕಣ್ಣು ತೆಗೆಯದೆ.

ಅವನು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವಳಿಗೆ ಎಷ್ಟು ಹೊತ್ತು ನೋಡಬೇಕಿತ್ತೋ ಅಷ್ಟು ಹೊತ್ತು ನೋಡಿದಳು. ಅವನು ಪಕ್ಕದಲ್ಲೇ ಕೂತಿದ್ದ.