ಕ್ಲಚ್ ಬಿಟ್ಟಿದ್ದು ಯಾರು?

ಎಚ್.ಡಿ. ಕೋಟೆಯ ಬಸ್ ನಿಲ್ದಾಣದ ಎದುರು, ನಡುರಸ್ತೆಯಲ್ಲಿ, ನಾನು ಓಡಿಸುತ್ತಿದ್ದ ಕಾರು ನಿಂತುಹೋಯಿತು.

ಹಿಂದೆ ಬಾಳೆಗೊನೆ ತುಂಬಿದ ಲಾರಿ. ಅದರ ಹಿಂದೆ ಸರ್ಕಾರಿ ಬಸ್ಸು. ಎರಡೂ ಒಟ್ಟಿಗೇ ಹಾರ್ನ್ ಹೊಡೆದವು. ಕೀ ತಿರುಗಿಸಿದೆ. ಗರ್ ಎಂದಿತು, ನಡುಗಿತು, ಮತ್ತೆ ಆಫ್!

"ಅಮ್ಮೋ, ಓಡ್ಸಕ್ ಬರ್ದಿದ್ರೆ ಯಾಕ್ ರೋಡಿಗ್ ಬತ್ತೀರಾ?" ಲಾರಿಯವನು ಕೂಗಿದ.

ಅವನದಿರಲಿ. ಪಕ್ಕದ ಸೀಟಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ನಮ್ಮ ಯಜಮಾನರು ಅವನಿಗಿಂತ ಜೋರಾಗಿ ಕೂಗುತ್ತಿದ್ದರು. "ಕ್ಲಚ್ಚು! ಕ್ಲಚ್ ನಿಧಾನಕ್ ಬುಡು ಅಂತ ಎಷ್ಟ್ ಸಲ ಏಳ್ಲಿ ಮಂಗಳಾ?"

ನನ್ನ ಅಂಗೈ ಬೆವರಿ ಸ್ಟೀರಿಂಗ್ ಜಾರುತ್ತಿತ್ತು.

ನಾನು ಡ್ರೈವರ್ ಆಗಿದ್ದು ಇಷ್ಟಪಟ್ಟಲ್ಲ. ಸಕ್ಕರೆ ಕಾಯಿಲೆ ನಮ್ಮ ಯಜಮಾನರ ಕಣ್ಣಿಗೆ ಇಳಿಯಿತು. ಮೈಸೂರಿನ ಡಾಕ್ಟರು ಲೇಸರ್ ಮಾಡಿ, ಸದ್ಯಕ್ಕೆ ಕಾರು ಮುಟ್ಟಲೇಬೇಡಿ ಎಂದರು. ನಮ್ಮದು ಹಂಪಾಪುರದಿಂದ ಒಳಗಿನ ಊರು. ಅವರ ಗೊಬ್ಬರದಂಗಡಿ ಇರುವುದು ಕೋಟೆಯಲ್ಲಿ, ಆಸ್ಪತ್ರೆ ಮೈಸೂರಿನಲ್ಲಿ. ನಮ್ಮೂರಿಗೆ ಬಸ್ಸು ಬಂದರೆ ಬಂತು. ನನ್ನ ಹತ್ತಿರ ಲೈಸೆನ್ಸ್ ಇತ್ತು (ಅದುವರೆಗೆ ಗುರುತಿನ ಚೀಟಿಯಾಗಿ ಮಾತ್ರ ಬಳಕೆಯಾಗಿತ್ತು).

ಕಾರು ನಮ್ಮ ಮದುವೆಯಾದ ಹೊಸದರಲ್ಲಿ ಕೊಂಡದ್ದು. ನಮ್ಮ ಕಡೆ ಎಲ್ಲರ ಕಾರಿನಲ್ಲೂ ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಕಂಪ್ಯೂಟರೇ ಪೆಟ್ರೋಲ್ ಅಳೆದು ಕೊಡುವ ಫ್ಯುಯೆಲ್ ಇಂಜೆಕ್ಷನ್ ಬಂದಿದ್ದ ಕಾರು. ಆಗ ಇವರು ಮನೆಗೆ ಬಂದ ನೆಂಟರಿಗೆ ಕಾಫಿ ಕೊಡುವ ಮೊದಲೇ ಬಾನೆಟ್ ಎತ್ತಿ ತೋರಿಸುತ್ತಿದ್ದರು. ಅಂಥ ಕಾರು ಕೆಡುತ್ತದೆಯೇ? ಕೆಟ್ಟಿದ್ದರೆ ಅದು ನನ್ನ ಕಾಲೇ ಇರಬೇಕು. ಅವರೂ ಹಾಗೆ ನಂಬಿದರು. ನಾನೂ ನಂಬಿದೆ.

ಓಡುವಾಗ ಏನೂ ತೊಂದರೆಯಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಎಷ್ಟೋ ಸಲ ಚಳಿಜ್ವರ ಬಂದಂತೆ ನಡುಗಿ ಆಫ್. ಹಾಗಾಗಿ ನನಗೆ ಎಲ್ಲಿ ನಿಲ್ಲಬೇಕಾಗುತ್ತದೋ ಅಲ್ಲೆಲ್ಲ ಭಯ. ಹಂಪ್ ಕಂಡರೆ ಭಯ. ದನ ಕಂಡರೆ ಭಯ. ಅಷ್ಟರಲ್ಲಿ ಇವರನ್ನು ಮತ್ತೆ ಆಸ್ಪತ್ರೆಯಲ್ಲಿ ತೋರಿಸುವ ದಿನ ಹತ್ತಿರ ಬರುತ್ತಿತ್ತು. ಮೈಸೂರಿನಲ್ಲಿ ಎಷ್ಟು ಸಿಗ್ನಲ್ಲುಗಳಲ್ಲಿ ನಿಲ್ಲಬೇಕು ಎಂದು ಬೆರಳಲ್ಲಿ ಎಣಿಸುತ್ತಿದ್ದೆ.

ಒಂದು ಸಂಜೆ ಆಗಬಾರದ್ದು ಆಗಿಯೇ ಬಿಡುತ್ತಿತ್ತು.

ಅಂಗಡಿಯಿಂದ ವಾಪಸ್ ಬರುವಾಗ ಶಾಲೆಯೊಂದರ ಮುಂದಿನ ಇಳಿಜಾರು. ಮಕ್ಕಳು ರಸ್ತೆ ದಾಟುತ್ತಿದ್ದರು. ಕ್ಲಚ್ ಪೂರ್ತಿ ಒತ್ತಿ ಬ್ರೇಕ್ ಮೇಲೆ ಕಾಲಿಟ್ಟೆ. ಎಂಜಿನ್ ಆಫ್ ಆಯಿತು. ಅದರ ಜೊತೆಗೇ ಸ್ಟೀರಿಂಗ್ ಬಿಗಿಯಾಯಿತು. ಮತ್ತೆ ಒತ್ತಿದರೆ ಬ್ರೇಕು ಕಲ್ಲಿನಂತೆ ಗಟ್ಟಿ. ಕಾರು ಮಾತ್ರ ಜಾರುತ್ತಲೇ ಇತ್ತು. ಎರಡೂ ಕಾಲಿನಿಂದ ಬ್ರೇಕನ್ನು ತುಳಿದೆ. ಹ್ಯಾಂಡ್ ಬ್ರೇಕ್ ಎಳೆದೆ. ಕಾರು ನಿಂತಾಗ ಒಬ್ಬಳು ಹುಡುಗಿಯ ಸ್ಕೂಲ್ ಬ್ಯಾಗು ಬಾನೆಟ್ಟನ್ನು ಸವರಿಕೊಂಡೇ ಮುಂದೆ ಹೋಯಿತು. ಅವಳು ತಿರುಗಿಯೂ ನೋಡಲಿಲ್ಲ.

ಇವರು ಅವತ್ತು ಬೈಯಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಬುಡು ಮಂಗಳಾ. ನಿನ್ ಕೈಲಿ ಆಗಕ್ಕಿಲ್ಲ," ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಸರಿ, ಬಿಟ್ಟೆ ಎಂದುಕೊಂಡೆ. ಆದರೆ ಆ ಇಳಿಜಾರು ತಲೆಯಿಂದ ಹೋಗಲೇ ಇಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ ಥಟ್ಟನೆ ಹೊಳೆಯಿತು. ಅಲ್ಲ, ನಾನು ಕ್ಲಚ್ ಪೂರ್ತಿ ಒತ್ತಿಕೊಂಡಿದ್ದೆನಲ್ಲ? ಒತ್ತಿಕೊಂಡೇ ಇರುವಾಗ, ಬಿಟ್ಟಿದ್ದು ಸರಿಯಿಲ್ಲ ಅನ್ನುವ ಮಾತು ಎಲ್ಲಿಂದ ಬಂತು?

ಮಾರನೆಯ ದಿನ ಹಠ ಮಾಡಿ ಇವರನ್ನೂ ಕೂರಿಸಿಕೊಂಡು ಕೋಟೆಯ ಗ್ಯಾರೇಜಿಗೆ ಹೋದೆ. ಈ ಕಾರನ್ನು ಮೊದಲಿನಿಂದಲೂ ನೋಡಿಕೊಂಡವನು ಮಾದೇವಣ್ಣ. ಅವನು ಒಂದು ಸುತ್ತು ಓಡಿಸಿಕೊಂಡು ಬಂದ.

"ಕಾರ್ ಬೆಣ್ಣೆಯಂಗೈತೆ ಕಣಕ್ಕಾ. ಒಸಬ್ರಿಗೆ ಅಂಗೇಯ, ಕ್ಲಚ್ ಅಂದಾಜ್ ಸಿಕ್ಕಕ್ಕಿಲ್ಲ."

ಇವರು ನನ್ನ ಕಡೆ ತಿರುಗಿದರು. ಕಪ್ಪು ಕನ್ನಡಕದ ಹಿಂದೆ ಯಾವ ಕಣ್ಣಿತ್ತೋ, ಕಾಣಲಿಲ್ಲ.

"ಎಂಜಿನ್ ಆಫ್ ಮಾಡ್ಬೇಡಪ್ಪ. ಇಳಿ," ಎಂದೆ. ಗೇರು ನ್ಯೂಟ್ರಲ್‌ನಲ್ಲಿರುವುದನ್ನು ನೋಡಿಕೊಂಡೆ. ಡೋರ್ ಮುಚ್ಚಿದೆ. ಕಾರಿನಿಂದ ದೂರ ಬಂದು ಕೈಕಟ್ಟಿ ನಿಂತೆ.

ಎಂಜಿನ್ ಓಡುತ್ತಲೇ ಇತ್ತು. ಹಾಳಾದ್ದು, ಎಷ್ಟು ನಯವಾಗಿ! ಆಫ್ ಆಗದೇ ಹೋದರೆ? ಇವರಿಬ್ಬರ ಎದುರು ನಾನು ಏನು ಹೇಳಲಿ? ಕಾರು ಕೆಡಲಿ ಎಂದು ಮನಸ್ಸಿನಲ್ಲೇ ನಂಜುಂಡೇಶ್ವರನಿಗೆ ಹರಕೆ ಹೊತ್ತ ಹೆಂಗಸು ಇನ್ನೊಬ್ಬಳಿದ್ದಾಳೆಯೇ?

"ಸಾಕು ಬಾ," ಎಂದು ಇವರು ಹೊರಡಲು ತಿರುಗಿದರು.

ಆಗ ರೇಡಿಯೇಟರ್ ಫ್ಯಾನು ಸುಯ್ಯೆಂದಿತು. ಎಂಜಿನ್ನಿನ ಸದ್ದು ಏರಿತು, ಇಳಿಯಿತು, ಮತ್ತೆ ಏರಿತು. ಬಾನೆಟ್ ಗಡಗಡ ನಡುಗಿತು. ಆಫ್.

ಹೊರಟಿದ್ದ ಇವರು ಅಲ್ಲೇ ನಿಂತರು.

"ಈಗ ಕ್ಲಚ್ ಬಿಟ್ಟಿದ್ದು ಯಾರು?" ಎಂದೆ.

ಮಾದೇವಣ್ಣ ತಲೆ ಕೆರೆದುಕೊಂಡು ಬಾನೆಟ್ ಎತ್ತಿದ. ಪ್ಲಗ್ ಬದಲಿಸಿದ. ಉಪಯೋಗವಿಲ್ಲ. ಗಾಳಿ ಒಳಗೆ ಹೋಗುವ ಬಾಯಿಯಲ್ಲಿ ಕಟ್ಟಿದ್ದ ಮಸಿ ತೊಳೆದ. ಸ್ವಲ್ಪ ಹೊತ್ತು ಸರಿ, ಬಿಸಿಯಾದ ಮೇಲೆ ಮತ್ತದೇ ರಾಗ. ಕೊನೆಗೆ ಒಂದೊಂದೇ ರಬ್ಬರ್ ಪೈಪನ್ನು ಬೆರಳಿನಿಂದ ಒತ್ತುತ್ತಾ ಹೋದ. ಎಂಜಿನ್ನಿನ ಹಿಂಬದಿಯ ಪೈಪೊಂದರ ಅಡಿಗೆ ಕೈ ಹಾಕಿದಾಗ ನಡುಕ ನಿಂತಿತು. ಬೆರಳು ತೆಗೆದರೆ ನಡುಕ, ಇಟ್ಟರೆ ಶಾಂತ.

"ಸೀಳ್ಬುಟ್ಟೈತೆ ನೋಡಿ. ಬಿಸಿಯಾದ್ರೆ ಬಾಯ್ ಬುಡ್ತದೆ. ಒಳಗಿರೋ ಕಂಪ್ಯೂಟರ್ರು ಗಾಳಿ ಅಳ್ದು ಪೆಟ್ರೋಲ್ ಕೊಡೋದು. ಇದು ಕಳ್ಳದಾರೀಲ್ ಬರೋ ಗಾಳಿ, ಅದ್ಕೆ ಲೆಕ್ಕ ಸಿಕ್ಕಕ್ಕಿಲ್ಲ," ಎಂದ. ಹೊಸ ಪೈಪು ಹಾಕಿದ. ಕಾರು ನಿಂತಲ್ಲೇ ಎಂಜಿನ್ ಸದ್ದಿಲ್ಲದೆ ಓಡಿತು.

ಹೊಸ ಸೊಸೆ ಹಳೇ ಒಲೆಯ ಮುಂದೆ ನಿಂತಾಗ, ಹೊಸ ಗುಮಾಸ್ತ ಹಳೇ ಕಂಪ್ಯೂಟರ್ ಮುಂದೆ ಕೂತಾಗ, ನಾವು ನೋಡುವುದು ಹೊಸಬರ ಕೈಯನ್ನೇ ಅಲ್ಲವೇ? ನಾನೂ ಎಷ್ಟು ದಿನ ನನ್ನ ಕಾಲನ್ನೇ ಬೈದುಕೊಂಡೆ!

ಮನೆಯ ದಾರಿಯಲ್ಲಿ ಇವರು ಕಪ್ಪು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, "ನನ್ ಕಣ್ಗೆ ಮುಂದೆ ಎಲ್ಲಾ ಮಬ್ಬು ಕಣೆ," ಎಂದರು. "ಕಾರ್ ನಿಂತಾಗೆಲ್ಲ ಏನ್ ಬಂದ್ ಗುದ್ದುತ್ತೋ ಅಂತ ಜೀವ ಓಯ್ತಿತ್ತು. ಅದ್ಕೇ ಕೂಗ್ತಿದ್ದೆ."

ನಾನು ಬೆವರುತ್ತಿದ್ದೆ, ಅವರು ಕೂಗುತ್ತಿದ್ದರು. ಒಂದೇ ಕಾರಿನಲ್ಲಿ ಎರಡು ಭಯ. ನನಗೆ ನನ್ನದು ಮಾತ್ರ ಗೊತ್ತಿತ್ತು.

ಕಳೆದ ವಾರ ಮೈಸೂರಿಗೆ ಹೋಗಿ ಬಂದೆವು. ಕಣ್ಣಿನೊಳಗಿನ ಊತ ಇಳಿದಿದೆ, ಆದರೆ ಇನ್ನೂ ಕೆಲವು ಸಲ ಬರಬೇಕು ಎಂದರು ಡಾಕ್ಟರು. ವಾಪಸ್ ಬರುವಾಗ ಸಿಗ್ನಲ್ ಹಸಿರಾಯಿತು. ಗಡಿಬಿಡಿಯಲ್ಲಿ ಕ್ಲಚ್ಚಿನಿಂದ ಕಾಲು ಪಟ್ಟನೆ ತೆಗೆದೆ. ಕಾರು ಎಗರಿ ಆಫ್ ಆಯಿತು. ಈ ಸಲ ತಪ್ಪು ನನ್ನದೇ, ಸಂಶಯವೇ ಇಲ್ಲ.

ಇವರು ಒಂಚೂರೂ ಕೂಗಲಿಲ್ಲ. "ಇನ್ಯಾವ್ದೋ ಪೈಪ್ ಓಗಿರ್ಬೇಕು ಕಣೆ. ನೀನು ಗಾಬ್ರಿ ಆಗ್ಬೇಡ," ಎಂದರು.

ನೀವೇ ಹೇಳಿ, ಅಲ್ಲ ಎನ್ನಬೇಕಿತ್ತೇ ನಾನು?