ಮರದ ಇನ್ನೊಂದು ಮಗ್ಗುಲು

ಉಗುರಿನ ಸಂದಿಯ ಬಣ್ಣ ಯಾವ ಸೋಪಿಗೂ ಜಗ್ಗದೆ ಉಳಿದಿದ್ದರಿಂದ ಅವನನ್ನು ಎಲ್ಲರೂ ಹಳದಿ ಮಾಮ ಎನ್ನುತ್ತಿದ್ದರು. ಬೆಟ್ಟಸಾಲಿನ ಕಾಡಿನುದ್ದಕ್ಕೂ ಸಾಗುವ ಚಾರಣದ ದಾರಿಯಲ್ಲಿ ನಲವತ್ತು ಕಿಲೋಮೀಟರು ಅರಣ್ಯ ಇಲಾಖೆಯ ನೌಕರನಾದ ಅವನ ಪಾಲಿನದು. ವರ್ಷಕ್ಕೊಮ್ಮೆ ಬೆನ್ನಿಗೆ ಚೀಲ ಏರಿಸಿ, ಬಣ್ಣದ ಡಬ್ಬಿ ಹಿಡಿದು ಹೊರಟು, ಮರಗಳ ಮೇಲೆ ದಾರಿ ತೋರುವ ಅಂಗೈಯಗಲದ ಹಳದಿ ಪಟ್ಟಿ ಬಳಿಯುತ್ತ ನಾಲ್ಕನೆಯ ದಿನ ಆಚೆ ತುದಿಯ ಊರಿಗೆ ಇಳಿದು, ಬಸ್ಸು ಹತ್ತಿ ಮನೆಗೆ ಬರುವುದು. ಇಪ್ಪತ್ತಾರು ವರ್ಷ ಇದೇ ಕ್ರಮ.

ದಾರಿಯ ಎತ್ತರದಲ್ಲಿ ಚಾರಣಿಗರಿಗೊಂದು ತಂಗುಮನೆ. ಎರಡು ಮಂಚ, ಒಂದು ಒಲೆ, ಕಿಟಕಿಯ ಪಕ್ಕ ದಾರ ಕಟ್ಟಿದ ಪೆನ್ನಿನ ಜತೆ ಒಂದು ಪುಸ್ತಕ. ಅದರಲ್ಲಿ ಪ್ರತಿವರ್ಷ ಒಬ್ಬಿಬ್ಬರಾದರೂ ಗುರುತೇ ಇಲ್ಲ, ಅಲೆದು ಸುಸ್ತಾದೆವು ಎಂದು ಬರೆದಿರುತ್ತಿದ್ದರು. ಮಾಮನಿಗೋ ಮೂಗಿನ ತುದಿಯಲ್ಲೇ ಕೋಪ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೊಣಗಿ, ಮನೆಗೆ ಬಂದು ಹೆಂಡತಿಯ ಮುಂದೆಯೂ ಅದನ್ನೇ ಹೇಳುತ್ತಿದ್ದ. ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹೊದಿಕೆಗಳ ಅಂಚು ಹೊಲಿಯುವ ಆಕೆ ಸುಮ್ಮನೆ ಹೂಂಗುಟ್ಟುತ್ತಿದ್ದಳು. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿ ಎಂದರೆ, ಮುಂದಿನ ವರ್ಷ ನೋಡೋಣ ಎನ್ನುವುದು ಅವನ ಅಭ್ಯಾಸ.

ಈ ವರ್ಷ ಅವನ ನಿವೃತ್ತಿ. ಮುಂದಿನ ವರ್ಷ ಎನ್ನುವಂತಿರಲಿಲ್ಲ. ದೊಡ್ಡ ಏರಿಗೆ ಆಕೆಯ ಮಂಡಿ ಒಪ್ಪದು. ಆಚೆ ತುದಿಯಿಂದಾದರೆ ತಂಗುಮನೆಗೆ ಹನ್ನೆರಡೇ ಕಿಲೋಮೀಟರು, ಏರೂ ಕಡಿಮೆ. ಆಕೆ ಬಸ್ಸಿನಲ್ಲಿ ಅಲ್ಲಿಗೆ ಹೋಗಿ ನಡೆದು ಬರುವುದು, ಅವನು ಈಚೆಯಿಂದ ಬಣ್ಣ ಬಳಿಯುತ್ತ ಬಂದು ಮೂರನೆಯ ದಿನ ಮಧ್ಯಾಹ್ನ ಸೇರುವುದು ಎಂದಾಯಿತು. ಅಮ್ಮ ಒಬ್ಬಳೇ ಹೇಗೆ ಬರುತ್ತಾಳೆ ಎಂದು ಮಗಳು ಹೆದರಿದಾಗ, ನನ್ನ ಪಟ್ಟಿ ಇರುವಾಗ ಮಗುವೂ ಬಂದೀತು ಎಂದು ಮೀಸೆ ತಿರುವಿದ.

ಮೂರನೆಯ ದಿನ ಎರಡು ಗಂಟೆಗೆ ತಂಗುಮನೆ ಮುಟ್ಟಿ ಟೀಗೆ ನೀರಿಟ್ಟ. ನೀರು ಎರಡು ಸಲ ಕುದಿದು ಆರಿತು. ನಾಲ್ಕಕ್ಕೆ ತಡೆಯಲಾರದೆ ಆಚೆ ಕಡೆ ಇಳಿಯತೊಡಗಿದ. ಹಾದಿಯುದ್ದಕ್ಕೂ ಕಳೆದ ವರ್ಷದ ಪಟ್ಟಿಗಳು, ಇನ್ನೂ ಮಾಸಿರಲಿಲ್ಲ. ಇಷ್ಟು ಚೆನ್ನಾಗಿ ಕಾಣುವಾಗ ಇವಳೆಲ್ಲಿ ಹೋದಳು? ಕೂಗಿದರೆ ಓಗೊಡುವವರಿಲ್ಲ. ಸೌದೆ ತರುವವರ ಅಡ್ಡದಾರಿಗಳು ಕವಲೊಡೆಯುವ ಕಡೆ, ಅವಳನ್ನು ಎಲ್ಲಾದರೂ ದಾಟಿ ಬಂದೆನೇ ಎಂದು ಹಿಂದಿರುಗಿ ನೋಡಿದ.

ಬರಿಯ ತೊಗಟೆ. ಒಂದು ಮರದಲ್ಲೂ ಹಳದಿಯ ಸುಳಿವಿಲ್ಲ. ತಾನು ಹೋಗುವಾಗ ಕಣ್ಣಿಗೆ ಬೀಳುವ ಮಗ್ಗುಲಿಗಷ್ಟೇ ಅವನು ಇಪ್ಪತ್ತಾರು ವರ್ಷ ಬಣ್ಣ ಬಳಿದಿದ್ದ. ಪುಸ್ತಕದಲ್ಲಿ ದೂರಿದವರೆಲ್ಲ ಎದುರಿನಿಂದ ಬಂದವರು. ಅವಳಿಗೇನಾದರೂ ಆದರೆ ಅದು ತಾನು ಕೈಯಾರೆ ಮಾಡಿದ್ದು. ಯಾವ ಕವಲು ಹಿಡಿಯಬೇಕೆಂದು ತಿಳಿಯದೆ, ಭಯದಿಂದ ಅಲ್ಲೇ ನಿಂತು ಕೂಗುತ್ತಲೇ ಇದ್ದ.

ಬಿಸಿಲು ಮರದ ತುದಿಗೇರಿದ ಹೊತ್ತಿಗೆ ಕೆಳಗಿನಿಂದ ಉತ್ತರ ಬಂತು. ಆಕೆ ಬರುತ್ತಿದ್ದ ರೀತಿಯೇ ಬೇರೆ. ಒಂದು ಮರ ದಾಟುವುದು, ನಿಲ್ಲುವುದು, ಕತ್ತು ಹೊರಳಿಸಿ ಅದರ ಆಚೆ ಮಗ್ಗುಲು ನೋಡುವುದು, ಆಮೇಲೆ ಮುಂದಿನ ಹೆಜ್ಜೆ.

“ಬಟ್ಟೆ ತಿರುಗಿಸಿ ಹೊಲಿಗೆ ನೋಡ್ತೀವಲ್ಲ, ಹಾಗೆ,” ಎಂದಳು, ಕುಳಿತು ನೀರು ಕುಡಿದ ಮೇಲೆ. “ಪಟ್ಟಿ ಕಂಡ್ರೆ ಮುಂದೆ, ಇಲ್ದಿದ್ರೆ ವಾಪಸ್. ಎರಡು ಸಲ ತಪ್ಪಿದೆ.” ಮಂಡಿ ನೀವಿಕೊಳ್ಳುತ್ತ ಕೇಳಿದಳು: “ಅಲ್ಲಾರೀ, ಇಷ್ಟು ವರ್ಷದಲ್ಲಿ ಎದುರುಗಡೆಯಿಂದಾನೂ ಯಾರಾದ್ರೂ ಬರಬಹುದು ಅಂತ ನಿಮಗೆ ಅನ್ನಿಸ್ಲೇ ಇಲ್ವಾ?”

ಬೇರೆ ದಿನವಾಗಿದ್ದರೆ ಒಂದಕ್ಕೆ ಹತ್ತು ಮಾತು ಬರುತ್ತಿತ್ತು.

“ಇಲ್ಲ ಕಣೇ, ಅನ್ನಿಸ್ಲಿಲ್ಲ,” ಎಂದ. ಅವನ ಕಣ್ಣು ತುಂಬಿತ್ತು.

ಮಾರನೆಯ ಬೆಳಿಗ್ಗೆ ತಂಗುಮನೆಯಿಂದ ಆಚೆ ತುದಿಯತ್ತ ಇಳಿಯುತ್ತ ಮರಗಳ ಎರಡೂ ಮಗ್ಗುಲಿಗೆ ಬಳಿಯಲು ಶುರುಮಾಡಿದ ಹನ್ನೆರಡು ಕಿಲೋಮೀಟರಿಗೆ ಎರಡು ದಿನ ಹಿಡಿಯಿತು. ಉಳಿದ ಇಪ್ಪತ್ತೆಂಟು ಕಿಲೋಮೀಟರಿಗೆ ಕಚೇರಿಯಲ್ಲಿ ಇನ್ನೊಂದು ತಿಂಗಳು ಬೇಡಿಕೊಳ್ಳುವುದೆಂದು ಅವನು ನಿಶ್ಚಯಿಸಿದ್ದ. ಆಕೆ ಹತ್ತು ಮಾರು ಮುಂದೆ ಹೋಗಿ, ಹಿಂದಿರುಗಿ ನಿಲ್ಲುತ್ತಿದ್ದಳು. ಅವನು ಮರದ ಆಚೆ ಮಗ್ಗುಲಿಗೆ ಬಂದು ಬ್ರಶ್ ಎತ್ತಿ ಹಿಡಿದು, “ಇಲ್ಲಿ ಕಾಣ್ತಾ?” ಎಂದು ಕೇಳುತ್ತಿದ್ದ.

“ಇನ್ನೂ ಸ್ವಲ್ಪ ಮೇಲೆ,” ಎನ್ನುತ್ತಿದ್ದಳು. ಅವನು ಕೈಯನ್ನು ಮೇಲಕ್ಕೆ ಸರಿಸುತ್ತಿದ್ದ.