ಹಾನುಬಾಳಿನ ದಾರಿಯ ತಿರುವುಗಳು

ಸಕಲೇಶಪುರದಿಂದ ಹಾನುಬಾಳಿಗೆ ಹೊರಟ ಬಸ್ಸು ತುಂಬಿತ್ತು. ಹೊರಗಿನ ಮಂಜಿನಿಂದ ಕಾಫಿ ಹೂವಿನ ಪರಿಮಳ ಒಳಗೆ ಬರುತ್ತಿತ್ತು.

"ಗಟ್ಟಿಮುಟ್ಟಾಗಿದ್ದೀಯ, ವಯಸ್ಸಾದೋರಿಗೆ ಸೀಟು ಬಿಡಬಾರ್ದೇನವ್ವ?" ಎಂದರು ನನ್ನ ಸೀಟಿನ ಪಕ್ಕದಲ್ಲಿ ನಿಂತಿದ್ದ ಅಜ್ಜಿ.

ಒಳಗಿವಿಯ ತೊಂದರೆಯಿಂದ ನನಗೆ ಮೈಯ ಸಮತೋಲ ನಿಲ್ಲುವುದಿಲ್ಲ. ನೋಡಿದವರಿಗೆ ಅದು ಕಾಣುವುದೂ ಇಲ್ಲ. ಹೇಳಲು ಸಂಕೋಚವಾಗಿ ಎದ್ದು, ಅವರನ್ನು ಕೂರಿಸಿದೆ. ಮೊದಲ ತಿರುವಿನಲ್ಲೇ ಬೆಟ್ಟಗಳೆಲ್ಲ ತೇಲತೊಡಗಿದವು. ಅಜ್ಜಿಯ ಮೇಲೇ ಕುಸಿದೆ.

"ಅಯ್ಯೋ, ಏನಾಯ್ತವ್ವ?"

"ಕಿವಿಯೊಳಗೆ ತೊಂದರೆ ಅಜ್ಜಿ. ತಿರುವು ಬಂದ್ರೆ ನಿಲ್ಲೋಕಾಗಲ್ಲ."

ಅಜ್ಜಿ ಸರಿದು ಜಾಗ ಮಾಡಿ, ನನ್ನನ್ನು ಪಕ್ಕದಲ್ಲೇ ಕೂರಿಸಿ ಕೈ ಹಿಡಿದುಕೊಂಡರು. "ಕಣ್ಣು ಮುಚ್ಕೊ. ಈ ದಾರಿ ನಂಗೆ ಗೊತ್ತೈತೆ, ಮುಂಚೇನೇ ಹೇಳ್ತೀನಿ."

ಮುಚ್ಚಿದೆ. "ಈಗ ಎಡಕ್ಕೆ... ಈಗ ಬಲಕ್ಕೆ..." ಆ ದನಿಯ ಜೊತೆ ನಾನೂ ತೊಟ್ಟಿಲಲ್ಲಿ ಮಲಗಿದವಳಂತೆ ವಾಲುತ್ತಾ ಹೋದೆ.

"ಇನ್ಮೇಲೆ ದಾರಿ ನೆಟ್ಟಗೈತೆ, ಕಣ್ಣು ಬಿಡವ್ವ" ಎಂದರು.

ಬಿಡಲು ಮನಸ್ಸಾಗಲಿಲ್ಲ.